ಗಣಿತಕ್ಕೂ ಬೇಕು ಹಿಫ್ಝ್‌ನ ಶಿಸ್ತು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಅನೇಕ ಮುಸ್ಲಿಮ್ ಮನೆಗಳಲ್ಲಿ ಬಿ.ಎಸ್ಸಿ. ಮೆಟ್ಟಿಲೇರುತ್ತಿರುವುದು ಮೊದಲ ತಲೆಮಾರು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿದ ಮಕ್ಕಳ ಮುಂದೆ ಗಣಿತ, ಭೌತವಿಜ್ಞಾನಗಳು ಇಂಗ್ಲಿಷ್ ವೇಷದಲ್ಲಿ ಬಂದು ನಿಲ್ಲುತ್ತವೆ. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಕೈಕೊಟ್ಟರೆ ಸಾಕು, ಮನೆಯ ತೀರ್ಪು ಹೊರಬೀಳುತ್ತದೆ: ಹುಡುಗ ಗ್ಯಾರೇಜಿಗೆ, ಹುಡುಗಿ ನಿಕಾಹ್‌ಗೆ. ‘ನಮ್ಮವರಿಗೆ ವಿಜ್ಞಾನ ಒಗ್ಗದು’ ಎಂಬ ಮಾತು ಅದಕ್ಕೆ ಮುದ್ರೆಯೊತ್ತುತ್ತದೆ.

ಈ ಮಾತು ಸುಳ್ಳು. ಬೀಜಗಣಿತಕ್ಕೆ ಶಾಸ್ತ್ರರೂಪ ಕೊಟ್ಟ ಅಲ್ ಖ್ವಾರಿಝ್ಮಿಯವರನ್ನೂ ಬೆಳಕನ್ನು ಪ್ರಯೋಗಗಳಿಂದ ಪರೀಕ್ಷಿಸಿದ ಇಬ್ನುಲ್ ಹೈಸಮ್‌ರನ್ನೂ ನಾವು ವೇದಿಕೆಗಳಲ್ಲಿ ಸ್ಮರಿಸುತ್ತೇವೆ. ಆದರೆ ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ 25ಕ್ಕೆ ಒಬ್ಬರು, ಸ್ನಾತಕೋತ್ತರದಲ್ಲಿ 50ಕ್ಕೆ ಒಬ್ಬರು ಮಾತ್ರ ಮುಸ್ಲಿಮರೆಂದು 2006ರ ಸಾಚಾರ್ ವರದಿ ಹೇಳಿತು. ಪೂರ್ವಜರ ಕೀರ್ತಿಯಿಂದ ಈ ಅಂಕಿ ಬದಲಾಗದು.

ಓದುವ ರೀತಿ ಬದಲಾಗಬೇಕು. ಅದರ ಮಾದರಿ ನಮ್ಮ ಮದ್ರಸಗಳಲ್ಲೇ ಇದೆ. ಹಿಫ್ಝ್ ಮಾಡುವ ಬಾಲಕನಿಗೆ ದಿನವೂ ಮೂರು ಕೆಲಸ: ಹೊಸ ಪಾಠ ‘ಸಬಕ್’, ಇತ್ತೀಚಿನ ಪಾಠಗಳ ಪುನರಾವರ್ತನೆ ‘ಸಬ್ಕಿ’, ಹಳೆಯ ಭಾಗಗಳ ಪುನರಾವರ್ತನೆ ‘ಮಂಝಿಲ್’. ಮೂರನ್ನೂ ನೋಡದೆ ಉಸ್ತಾದರಿಗೆ ಒಪ್ಪಿಸಬೇಕು. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಕಂಡದ್ದೂ ಇದನ್ನೇ. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಪಾಠವನ್ನು ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರದ ಬಳಿಕ, ನೋಡದೆ ನೆನಪಿಸಿಕೊಂಡು ಬರೆದವರು ಮುಂದಿದ್ದರು.

ಹಾಗೆಂದು ಗಣಿತವನ್ನು ಬಾಯಿಪಾಠ ಮಾಡಿ ಗೆಲ್ಲಲಾಗದು. ಪುಸ್ತಕದಲ್ಲಿ ಬಿಡಿಸಿದ ಲೆಕ್ಕವನ್ನು ಓದಿದಾಗ ಎಲ್ಲವೂ ತಿಳಿದಂತೆ ಭಾಸವಾಗುತ್ತದೆ. ಪುಸ್ತಕ ಮುಚ್ಚಿ ಬಿಡಿಸತೊಡಗಿದಾಗಲೇ ತಿಳಿಯದ್ದು ಯಾವುದೆಂದು ತಿಳಿಯುತ್ತದೆ. ಎಲ್ಲಿ ನಿಂತಿತೋ ಅಲ್ಲಿ ಗುರುತು ಹಾಕಬೇಕು. ಮರುದಿನ ಅದನ್ನೇ, ವಾರದ ಕೊನೆಗೆ ಬೇರೆ ಅಧ್ಯಾಯಗಳ ಲೆಕ್ಕಗಳೊಂದಿಗೆ ಬೆರೆಸಿ, ಮತ್ತೆ ಬಿಡಿಸಬೇಕು. ‘ಲಿಮಿಟ್’, ‘ಡೆರಿವೇಟಿವ್’ಗಳ ಅರ್ಥವನ್ನು ಮನೆಮಾತಿನಲ್ಲಿ ಗೆಳೆಯನಿಗೆ ವಿವರಿಸಲು ಬಂದರೆ ಇಂಗ್ಲಿಷಿನ ಭಯ ಅರ್ಧ ಇಳಿಯುತ್ತದೆ. ಉಳಿದ ಸಂದೇಹವನ್ನು ಉಪನ್ಯಾಸಕರ ಬಳಿ ಒಯ್ಯಲು ಸಂಕೋಚವೇಕೆ? ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫ ಸಾಹೇಬರು ಕಳಸದ ಗೋವಿಂದ ಭಟ್ಟರಲ್ಲಿ ಗುರುವನ್ನು ಕಂಡ ನೆಲವಿದು.

ಇಷ್ಟಕ್ಕೆಲ್ಲ ನಿರಾತಂಕವಾದ ವೇಳೆ ಬೇಕು. ಮಗ ಅಂಗಡಿಗೆ, ಮಗಳು ಅಡುಗೆಮನೆಗೆ ಕ್ಷಣಕ್ಷಣಕ್ಕೂ ಕರೆಯಲ್ಪಡುವ ಮನೆಯಲ್ಲಿ ಯಾವ ಅಧ್ಯಯನ ಕ್ರಮವೂ ನಿಲ್ಲದು. ಫಜ್ರ್‌ನ ನಂತರದ ಎರಡು ಗಂಟೆಗಳನ್ನಾದರೂ ಮಕ್ಕಳಿಗೆ ಬಿಟ್ಟುಕೊಡೋಣ. ಆ ಹೊತ್ತಿನಲ್ಲಿ ಮೊಬೈಲ್ ತಂದೆಯ ಕೈಯಲ್ಲಿರಲಿ, ಪೊರಕೆಯೂ ಮಗಳ ಕೈಯಲ್ಲಿರದಿರಲಿ. ಮದುವೆಗಳಿಲ್ಲದ ದಿನ ಬಾಗಿಲು ಮುಚ್ಚಿರುವ ಶಾದಿಮಹಲ್‌ಗಳನ್ನು ಜಮಾಅತ್‌ಗಳು ಸಂಜೆಯ ಅಧ್ಯಯನಕ್ಕೆ ತೆರೆಯಲಿ. ಹೆಣ್ಣುಮಕ್ಕಳಿಗೂ ಅಲ್ಲಿ ಸ್ಥಳವಿರಲಿ.

ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಅದರ ವಿರುದ್ಧ ದನಿಯೆತ್ತುವುದು ನ್ಯಾಯ. ಆದರೆ ಸಂಶೋಧನೆಯ ಹೊಸ್ತಿಲು ತಲುಪುವ ಮುನ್ನವೇ, ಒಂದು ಸೆಮಿಸ್ಟರಿನ ಸೋಲಿಗೆ ಮಕ್ಕಳ ಪುಸ್ತಕ ಕಟ್ಟಿಡುವವರು ನಾವೇ. ಹಿಫ್ಝ್‌ನಲ್ಲಿ ಮಗು ಆಯತ್ ಮರೆತರೆ ಮದ್ರಸ ಬಿಡಿಸುವುದಿಲ್ಲ, ಮತ್ತೆ ಓದಿಸುತ್ತೇವೆ. ಆ ಸಹನೆ ಗಣಿತದ ಮಗುವಿಗೂ ಸಿಗಲಿ.