ತೊಡದೇವು ಗಡಿಗೆ ಮತ್ತು ಹೊಸ ಸೋಲಾರು

ಬ್ಲಾಗಿಗೆ ಧೂಳು ಹಿಡಿದು ಬಹಳ ದಿನ ಆಗಿತ್ತು. ಇವತ್ತು ಬರೆಯೋಕೆ ಕೂತಿದ್ದಕ್ಕೆ ಕಾರಣ ಅಪ್ಪಯ್ಯ ಕೇಳಿದ ಒಂದು ಪ್ರಶ್ನೆ.

ಹೋದ ವಾರ ಆಲೆಮನೆ ನೆಪ ಹೇಳಿ ರಜೆ ಹಾಕಿ ಊರಿಗೆ ಹೋಗಿದ್ದೆ. ಸಿದ್ದಾಪುರದ ಹತ್ತಿರ ನಮ್ಮ ಹಳ್ಳಿ. ನೊರೆಹಾಲು ಕುಡಿದು ಹೊಟ್ಟೆ ಭಾರ ಮಾಡಿಕೊಂಡು ಜಗುಲಿ ಮೇಲೆ ಬಿದ್ದುಕೊಂಡಿದ್ದಾಗ ಅಪ್ಪಯ್ಯ ಪೇಪರ್ ಮಡಚಿ ಶುರು ಮಾಡಿದರು. "ತಮಾ, ಎಂತದೋ ಹೊಸಾ ನಮೂನೆ ಸೋಲಾರ್ ಬತ್ತಡ. ಬಣ್ಣ ಬಳದಂಗೆ ಬಳಿತ್ವಡ. ಅದು ಬಪ್ಪಲ್ಲಿವರೆಗೆ ಕಾಯವ, ಈಗಿಂದನ್ನೇ ಹಾಕ್ಸವ?"

ಇಂಜಿನಿಯರಿಂಗ್ ಓದಿದ ಮಗ ಅಂದರೆ ಸೋಲಾರಿನಿಂದ ಹಿಡಿದು ಪಂಪ್‌ಸೆಟ್ಟಿನ ತನಕ ಎಲ್ಲ ಗೊತ್ತಿರಬೇಕು ಅಂತ ನಮ್ಮನೆಯಲ್ಲಿ ನಂಬಿಕೆ. ನಾನು ಬರೆಯೋದು ಜಾವಾ ಕೋಡು ಅಂತ ಎಷ್ಟು ಹೇಳಿದರೂ ಪ್ರಯೋಜನ ಇಲ್ಲ ಬಿಡಿ. :-) ಆದರೆ ಈ ವಿಷಯವನ್ನ ನಾನು ಒಂದೆರಡು ವರ್ಷದಿಂದ ಕುತೂಹಲಕ್ಕೆ ಓದ್ತಾ ಇದ್ದೆ. ಅಪ್ಪಯ್ಯ ಹೇಳಿದ್ದು ಪೆರೋವ್‌ಸ್ಕೈಟ್ ಸೋಲಾರ್ ಬಗ್ಗೆ.

ಸಾಮಾನ್ಯ ಸೋಲಾರ್ ಪ್ಲೇಟಿನ ಸಿಲಿಕಾನನ್ನು 1400 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕರಗಿಸಿ, ಹರಳು ಬೆಳೆಸಿ, ಹಾಳೆ ಹಾಳೆಯಾಗಿ ಕೊಯ್ಯಬೇಕು. ಪೆರೋವ್‌ಸ್ಕೈಟ್ ಹಾಗಲ್ಲ. ಸೀಸ, ಅಯೋಡಿನ್ ಇರೋ ಲವಣಗಳನ್ನ ದ್ರಾವಕದಲ್ಲಿ ಕರಗಿಸಿ, ಆ ಶಾಯಿಯನ್ನ ಗಾಜಿನ ಮೇಲೆ ಬಳಿದು, ನೂರು ನೂರೈವತ್ತು ಡಿಗ್ರಿಯಲ್ಲಿ ಒಣಗಿಸಿದರೆ ಬೆಳಕು ಹೀರೋ ಪದರ ತಯಾರು. ದಪ್ಪ ಎಷ್ಟು ಅಂದರೆ ಅರ್ಧ ಮೈಕ್ರಾನ್, ಅಂದರೆ ತಲೆಕೂದಲಿನ ನೂರನೇ ಒಂದು ಪಾಲಿಗಿಂತ ತೆಳು. 2009ರಲ್ಲಿ ಜಪಾನಿನ ಮಿಯಾಸಾಕ ಅವರ ತಂಡ ಮೊದಲು ಮಾಡಿ ತೋರಿಸಿದಾಗ ಇದರ ದಕ್ಷತೆ ಶೇ. 3.8. ಈಗ ಶೇ. 26 ದಾಟಿದೆ. ಸಿಲಿಕಾನ್ ಮೇಲೆ ಇದನ್ನ ಕೂರಿಸಿ ಚೀನಾದ ಲೋಂಗಿ ಕಂಪನಿ 2024ರಲ್ಲಿ ಶೇ. 34.6 ಮುಟ್ಟಿತು. ಪೇಪರಿನವರು ಬರೆಯೋದು ಇದನ್ನೇ. ಬರೆಯದೇ ಬಿಡೋದು ಏನಪ್ಪಾ ಅಂದರೆ ಇಂಥ ದಾಖಲೆಗಳಲ್ಲಿ ಹೆಚ್ಚಿನವು ಉಗುರಿನಷ್ಟು ಅಗಲದ ತುಂಡಿನ ಮೇಲೆ ಆಗಿದ್ದು.

ಉಗುರಿನಿಂದ ಹಂಚಿನ ಮಾಡಿನ ತನಕ ಹೋಗೋದು ಹೇಗೆ? ಅದನ್ನ ಅಪ್ಪಯ್ಯನಿಗೆ ಹೇಳೋಕೆ ಒದ್ದಾಡ್ತಾ ಇದ್ದಾಗ ಅಡುಗೆಮನೆಯಿಂದ ತುಪ್ಪದ ವಾಸನೆ ಬಂತು. ಆಯಿ ತೊಡದೇವು ಮಾಡ್ತಾ ಇದ್ದರು.

ಶಿರಸಿ ಸೀಮೆಯವರಿಗೆ ತೊಡದೇವು ಅಂದರೆ ಏನಂತ ಹೇಳಬೇಕಿಲ್ಲ. ಉಳಿದವರಿಗಾಗಿ: ಅಕ್ಕಿಯನ್ನ ಕಬ್ಬಿನಹಾಲಲ್ಲಿ ನುಣ್ಣಗೆ ರುಬ್ಬಿ ನೀರಾಗಿ ಮಾಡಿಕೊಳ್ಳೋದು. ಒಲೆ ಮೇಲೆ ಗಡಿಗೆ ಬೋರಲು ಹಾಕೋದು. ಕೋಲಿಗೆ ಕಟ್ಟಿದ ಬಟ್ಟೆಯನ್ನ ಹಿಟ್ಟಲ್ಲಿ ಅದ್ದಿ ಕಾದ ಗಡಿಗೆ ಮೇಲೆ ಒಂದೇ ಸಲ ಎಳೆಯೋದು. ಕ್ಷಣದಲ್ಲಿ ಒಣಗಿ ಕಾಗದದಂಥ ಹಾಳೆ ಏಳುತ್ತೆ. ತೊಡೆಯೋದು ಅಂದರೆ ಬಳಿಯೋದು. ಹೆಸರಲ್ಲೇ ಕೋಟಿಂಗ್ ಇದೆ ನೋಡಿ!

ಲ್ಯಾಬಿನಲ್ಲಿ ಮಾಡೋದು ಹೀಗಲ್ಲ. ಅಲ್ಲಿ ಸ್ಪಿನ್ ಕೋಟಿಂಗ್. ಗಾಜಿನ ಚೂರಿನ ಮೇಲೆ ನಾಲ್ಕು ಹನಿ ಶಾಯಿ ಬಿಟ್ಟು, ನಿಮಿಷಕ್ಕೆ ಸಾವಿರಾರು ಸುತ್ತು ಗರಗರ ತಿರುಗಿಸೋದು. ತೆಳ್ಳಗಿನ ಪದರ ಉಳಿದು ಮಿಕ್ಕಿದ್ದೆಲ್ಲ ಹಾರಿ ಹೋಗುತ್ತೆ. ಶಾಯಿಯ ಶೇ. 90ಕ್ಕಿಂತ ಹೆಚ್ಚು ಪಾಲು ಹಾಳು. ತಿರುಗುತ್ತಿರೋವಾಗಲೇ ಸರಿಯಾದ ಸೆಕೆಂಡಿಗೆ ಇನ್ನೊಂದು ದ್ರಾವಕ ಹನಿಸಬೇಕು, ಹನಿಸಿದ ಕೂಡಲೇ ಹರಳು ಕಟ್ಟೋಕೆ ಶುರು. ಒಂದೆರಡು ಸೆಕೆಂಡು ಆಚೀಚೆ ಆದರೆ ಪದರ ಕೆಡುತ್ತೆ. ಅಂದರೆ ಇದು ಕೈಗುಣದ ಕೆಲಸ. ಒಂದು ಲ್ಯಾಬಿನಲ್ಲಿ ಬಂದ ಫಲಿತಾಂಶ ಇನ್ನೊಂದು ಕಡೆ ಸುಲಭವಾಗಿ ಬರೋದಿಲ್ಲ ಅನ್ನೋ ಗೋಳು ಈ ಕ್ಷೇತ್ರದಲ್ಲಿ ಹಳೆಯದು.

ಓದುವಾಗ ನನಗೆ ನಮ್ಮ ಆಫೀಸೇ ನೆನಪಾಯ್ತು. "ನನ್ನ ಮೆಶಿನ್ನಲ್ಲಿ ಓಡ್ತಾ ಇದೆಯಲ್ಲ!" ಅಂತ ಹೇಳದ ಸಾಫ್ಟ್‌ವೇರಿನವನು ಇದ್ದರೆ ತೋರಿಸಿ. ಡೆಮೋ ದಿನ ಹತ್ತು ಜನಕ್ಕೆ ಚೆನ್ನಾಗಿ ಓಡಿದ್ದು ಹತ್ತು ಸಾವಿರ ಜನ ಬಂದ ದಿನ ಮಲಗಿಬಿಡುತ್ತೆ.

ದೊಡ್ಡದಾಗಿ ಮಾಡಬೇಕು ಅಂದರೆ ಮತ್ತೆ ತೊಡದೇವಿನ ದಾರಿಗೇ ಬರಬೇಕು. ಗಾಜಿನ ಮೇಲೆ ಅಂಚುಪಟ್ಟಿಯಿಂದ ಶಾಯಿ ಎಳೆದುಕೊಂಡು ಹೋಗೋದು ಬ್ಲೇಡ್ ಕೋಟಿಂಗ್. ಉದ್ದನೆಯ ಸೀಳಿನಿಂದ ಅಳೆದಷ್ಟೇ ಶಾಯಿ ಇಳಿಸುತ್ತಾ ಕೆಳಗೆ ಗಾಜನ್ನೋ ಪ್ಲಾಸ್ಟಿಕ್ ಸುರುಳಿಯನ್ನೋ ಸರಿಸೋದು ಸ್ಲಾಟ್-ಡೈ. ಇದರಲ್ಲಿ ಹಾಳಾಗೋದು ತೀರಾ ಕಡಿಮೆ. ಔಷಧಿ ಹೊಡೆದ ಹಾಗೆ ಸಿಂಪಡಿಸೋ ವಿಧಾನವೂ ಇದೆ. ಅಡಿಕೆಗೊನೆಗೆ ಬೋರ್ಡೋ ಹೊಡೆಯೋರಿಗೆ ಅದರ ಕಷ್ಟ ಗೊತ್ತು, ಎಲ್ಲ ಕಡೆ ಒಂದೇ ಸಮ ಕೂರೋದಿಲ್ಲ. ದ್ರಾವಕವನ್ನೇ ಬಳಸದೆ ನಿರ್ವಾತದಲ್ಲಿ ಆವಿ ಮಾಡಿ ಕೂರಿಸೋರೂ ಇದ್ದಾರೆ.

ಬಳಿಯೋದು ಅಷ್ಟು ಕಷ್ಟ ಅಲ್ಲ ಅಂತಿಟ್ಟುಕೊಳ್ಳಿ, ನಿಜವಾದ ಕಷ್ಟ ಒಣಗೋದರಲ್ಲಿ. ಇದನ್ನ ನನಗೆ ಅರ್ಥ ಮಾಡಿಸಿದ್ದು ಆಲೆಮನೆಯ ಕೊಪ್ಪರಿಗೆ. ಬೆಲ್ಲದ ಪಾಕ ಇಳಿಸಿ ಸುಮ್ಮನೆ ಬಿಟ್ಟರೆ ಒಂದು ಥರ, ಹದ ನೋಡಿ ತಿರುವಿದರೆ ಇನ್ನೊಂದು ಥರ ಅಲ್ವಾ? ಇಲ್ಲೂ ಹಾಗೇ. ಶಾಯಿ ನಿಧಾನಕ್ಕೆ ಒಣಗಿದರೆ ಅಲ್ಲೊಂದು ಇಲ್ಲೊಂದು ಹರಳು ಹುಟ್ಟಿ ಸೂಜಿ ಸೂಜಿಯಾಗಿ ಬೆಳೆದು ನಡುವೆ ತೂತು ಉಳಿಯುತ್ತೆ. ಒಟ್ಟಿಗೇ ಕೋಟಿಗಟ್ಟಲೆ ಹರಳು ಹುಟ್ಟಿದರೆ ಮಾತ್ರ ಒತ್ತಾದ ಪದರ. ಅದಕ್ಕೇ ಸೀಳಿನ ಹಿಂದೆಯೇ ಗಾಳಿಯ ಚೂರಿ ಇಟ್ಟು, ಒಣ ನೈಟ್ರೋಜನ್ ರಭಸವಾಗಿ ಊದಿ, ದ್ರಾವಕವನ್ನ ಒಂದೇ ಏಟಿಗೆ ಓಡಿಸ್ತಾರೆ. ತೆಳ್ಳೇವಿಗೆ ತೂತಿದ್ದರೆ ಚೆಂದ, ಸೋಲಾರಿಗೆ ತೂತಿದ್ದರೆ ಮೇಲಿನ ಪದರ ಕೆಳಗಿನದಕ್ಕೆ ತಾಗಿ ಶಾರ್ಟು. ಉಗುರಗಲದಲ್ಲಿ ತೂತು ತಪ್ಪಿಸೋದು ಒಂದು ಲೆಕ್ಕ, ಒಂದು ಚದರ ಮೀಟರಿನಲ್ಲಿ ತಪ್ಪಿಸೋದು ಬೇರೆಯದೇ ಲೆಕ್ಕ.

ಆಯಿಗೆ ಕೇಳಿದೆ, ಹಿಟ್ಟು ಎಷ್ಟು ನೀರಿರಬೇಕು, ಗಡಿಗೆ ಎಷ್ಟು ಕಾಯಬೇಕು ಅಂತ. "ಕೈಗೆ ಗೊತ್ತಾಗ್ತು ತಮಾ, ಬಾಯಲ್ಲಿ ಹೇಳಲೆ ಬತ್ತಿಲ್ಲೆ" ಅಂದರು. ತೊಡದೇವಿಗೆ ಈ ಉತ್ತರ ಸಾಕು. ಕಾರ್ಖಾನೆಗೆ ಸಾಲದು. ಅದಕ್ಕೇ ನನಗೆ ಶೇ. 34.6ಕ್ಕಿಂತ ಹೆಚ್ಚು ಖುಷಿ ಕೊಟ್ಟಿದ್ದು ಅದೇ ಕಂಪನಿ 2025ರಲ್ಲಿ ಸುಮಾರು 260 ಚದರ ಸೆಂಟಿಮೀಟರ್ ಅಗಲದ ಕೋಶದಲ್ಲಿ ಶೇ. 33 ಸಾಧಿಸಿದ ಸುದ್ದಿ. ದಾಖಲೆ ಚಿಕ್ಕದು, ಆದರೆ ಉಗುರು ದಾಟಿ ಅಂಗೈ ದಾಟಿತು. 2024ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್ ಪಿವಿ ಶೇ. 24.5 ದಕ್ಷತೆಯ ಪೂರಾ ಪ್ಯಾನೆಲ್‌ಗಳನ್ನ ಅಮೆರಿಕದ ಗಿರಾಕಿಗೆ ಕಳಿಸಿತು. ಪೇಪರಿನಲ್ಲಿ ದಪ್ಪಕ್ಷರ ಸಿಗಬೇಕಾದ್ದು ಇಂಥವಕ್ಕೆ.

ನಮ್ಮ ಕಡೆಗೆ ಇದೆಲ್ಲ ಯಾಕೆ ಬೇಕು ಅಂತೀರಾ? ಕಾರಣ ಇದೆ. 1980ರ ಆಸುಪಾಸಿನಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆ ಬೇಡ ಅಂತ ನಿಂತ ಸೀಮೆ ಇದು, ಆ ಯೋಜನೆ ನಿಂತೂ ಹೋಯ್ತು. ಆದರೂ ಯಲ್ಲಾಪುರ ತಾಲ್ಲೂಕಿನಲ್ಲಿ ಕೊಡಸಳ್ಳಿ ಅಣೆಕಟ್ಟು ಬಂತು, ಪಕ್ಕದಲ್ಲಿ ಕೈಗಾ ಬಂತು, ಈಗ ಶರಾವತಿ ಪಂಪ್ಡ್ ಸ್ಟೋರೇಜ್ ಗಲಾಟೆ. ನಾವು ಬೇಡ ಅಂದಾಗೆಲ್ಲ ಬರೋ ಪ್ರಶ್ನೆ ಒಂದೇ, "ಹಾಗಾದ್ರೆ ಕರೆಂಟು ಎಲ್ಲಿಂದ?" ಮಾಡಿನ ಮೇಲಿಂದ ಅನ್ನೋ ಉತ್ತರ ನನಗೆ ಇಷ್ಟ. ಆದರೆ ನಮ್ಮಲ್ಲಿ ಬಿಸಿಲು ಬೀಳೋ ಜಾಗವೇ ಕಮ್ಮಿ. ಸುತ್ತ ತೋಟ, ಬೆಟ್ಟ. ಇರೋ ಅಂಗಳದಲ್ಲಿ ಚಾಲಿ ಒಣಗಬೇಕು. ಚೂರು ಜಾಗದಲ್ಲಿ ಜಾಸ್ತಿ ಕರೆಂಟು ಕೊಡೋ ಪ್ಲೇಟು ಪಾವಗಡದ ಬಯಲಿಗಿಂತ ನಮಗೇ ಹೆಚ್ಚು ಬೇಕು.

ಹಾಗಂತ ಮಳೆಗಾಲ ಮರೆಯೋ ಹಾಗಿಲ್ಲ. ಪೆರೋವ್‌ಸ್ಕೈಟಿಗೆ ನೀರು ಕಂಡರೆ ಆಗೋದಿಲ್ಲ, ಬಿಸಿಲು ಮತ್ತು ಶಾಖ ಒಟ್ಟಿಗೆ ಬಿದ್ದರೂ ಸವೆಯುತ್ತೆ. ಸಿಲಿಕಾನಿಗೆ 25 ವರ್ಷದ ಗ್ಯಾರಂಟಿ ಕೊಡೋದು ಮಾಮೂಲು. ಪ್ಯಾನೆಲ್‌ಗಳ ಪ್ರಮಾಣಿತ ಪರೀಕ್ಷೆಯಲ್ಲಿ 85 ಡಿಗ್ರಿ ಶಾಖ, ಶೇ. 85 ತೇವದಲ್ಲಿ 1000 ಗಂಟೆ ಇಡ್ತಾರೆ. ಕಠಿಣವೇ, ಆದರೆ ಅದು ನಡೆಯೋದು ಕತ್ತಲಲ್ಲಿ, ಅದೂ ಸಿಲಿಕಾನಿನ ಅನುಭವದ ಮೇಲೆ ರೂಪಿಸಿದ್ದು. ಸೀಸದ ವಿಷಯವೂ ಇದೆ. ಅರ್ಧ ಮೈಕ್ರಾನ್ ದಪ್ಪಕ್ಕೆ ಲೆಕ್ಕ ಹಾಕಿದೆ: ಚದರ ಮೀಟರಿಗೆ ಒಂದು ಗ್ರಾಮಿಗಿಂತ ಕಡಿಮೆ. ದೊಡ್ಡದಲ್ಲ ಅನಿಸಬಹುದು. ಆದರೆ ತೆಂಗಿನಕಾಯಿ ಬಿದ್ದು ಗಾಜೊಡೆದರೆ ನಮ್ಮನೆ ಮಾಡಿನ ನೀರು ಹೋಗೋದು ಬಾವಿಯ ಕಡೆಗೆ. ಒಡೆದ ಪ್ಲೇಟನ್ನ ಮಾರಿದವನೇ ವಾಪಸ್ ಒಯ್ಯಬೇಕು ಅನ್ನೋ ನಿಯಮ ಮಾರುಕಟ್ಟೆಗೆ ಬರೋ ಮೊದಲೇ ಗಟ್ಟಿಯಾಗಿರಬೇಕು, ಆಮೇಲೆ ಅಲ್ಲ.

ಅಪ್ಪಯ್ಯನಿಗೆ ಹೇಳಿದ್ದು: ಕಾಯೋದು ಬೇಡ, ಈಗಿನದನ್ನೇ ಹಾಕಿಸೋಣ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ. (ಬ್ಯಾಟರಿ ಇಲ್ಲದಿದ್ದರೆ ಲೈನ್ ಹೋದಾಗ ಇದೂ ನಿಲ್ಲುತ್ತೆ ಅಂದಿದ್ದಕ್ಕೆ ಸ್ವಲ್ಪ ಮುಖ ಸಣ್ಣ ಮಾಡಿದರು.) ಎಲ್ಲ ಕೇಳಿ ಅವರು ಅಂದಿದ್ದು ಇಷ್ಟು: "ಅವು ನಮ್ಮನೆ ಮಾಡಿನ ಮೇಲೆ ಒಂದು ಪ್ಲೇಟ್ ಇಟ್ಟು ನಾಕು ಮಳೆಗಾಲ ನೋಡಲಿ. ಜಾಗ ನಾ ಕೊಡ್ತಿ."

ಈ ಕೆಲಸ ಮಾಡೋ ಲ್ಯಾಬುಗಳಲ್ಲಿ ಇರೋ ಬ್ಲಾಗಿಗರು ಯಾರಾದ್ರೂ ಇದನ್ನ ಓದ್ತಾ ಇದ್ದರೆ ದಯವಿಟ್ಟು ಕಮೆಂಟ್ ಹಾಕಿ. ನಾನು ತಮಾಷೆ ಮಾಡ್ತಾ ಇಲ್ಲ, ಕೊಟ್ಟಿಗೆಯ ದಕ್ಷಿಣದ ಮಾಡು ಖಾಲಿ ಇದೆ. ಪ್ಲೇಟು ತಂದವರಿಗೆ ಒಂದು ಡಬ್ಬಿ ತೊಡದೇವು ಆಯಿ ಲೆಕ್ಕದಲ್ಲಿ.