ಬೋರ್ಡು ಇಲ್ಲಿ, ಮಿಷನ್ ಆಲೆಮನೆಯಲ್ಲಿ

ಬೆಂಗಳೂರಿನ ರಾಜಾಜಿನಗರದ ಕಾರ್ಡ್ ರಸ್ತೆಯಿಂದ ಕೆಂಗೇರಿಯವರೆಗೆ ಯಾವ ಸ್ಕ್ಯಾನಿಂಗ್ ಸೆಂಟರ್ ಹೊಕ್ಕರೂ ಭ್ರೂಣಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ ಎನ್ನುವ ಬೋರ್ಡು ಕಣ್ಣಿಗೆ ಬೀಳುತ್ತದೆ. ಐದನೇ ತಿಂಗಳ ಅನಾಮಲಿ ಸ್ಕ್ಯಾನಿಂಗ್‌ಗೆ ಬಂದ ಗರ್ಭಿಣಿ ಹೊಟ್ಟೆಗೆ ತಣ್ಣನೆಯ ಜೆಲ್ ಬೀಳುವ ಮೊದಲೇ ಗುರುತಿನ ಚೀಟಿಯ ಜೆರಾಕ್ಸ್ ಕೊಟ್ಟು, ಮಗು ಗಂಡೋ ಹೆಣ್ಣೋ ತಿಳಿಯುವ ಇಚ್ಛೆ ತನಗಿಲ್ಲವೆಂದು ಸಹಿ ಹಾಕಿರುತ್ತಾಳೆ. ಡಾಕ್ಟರು ಸ್ಕ್ಯಾನಿಂಗ್ ವಿವರದ ಫಾರ್ಮ್ ‘ಎಫ್’ ತುಂಬುತ್ತಾರೆ.

ಇದೆಲ್ಲ ಯಾಕೆ, ನಿಷೇಧವನ್ನೇ ತೆಗೆದುಹಾಕಿ ಎನ್ನುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಘದ ಅಂದಿನ ಅಧ್ಯಕ್ಷ ಡಾ. ಆರ್.ವಿ. ಅಶೋಕನ್ 2024ರ ಅಕ್ಟೋಬರ್‌ನಲ್ಲಿ ಹೇಳಿದ್ದೂ ಇದನ್ನೇ: ಲಿಂಗ ಪತ್ತೆ ಮಾಡಿ, ದಾಖಲಿಸಿ, ಹೆರಿಗೆಯಾಗುವವರೆಗೆ ಕಣ್ಣಿಡಿ. 2016ರಲ್ಲಿ ಕೇಂದ್ರ ಸಚಿವೆಯಾಗಿದ್ದ ಮೇನಕಾ ಗಾಂಧಿ ಇಂಥದೇ ಮಾತಾಡಿ ಟೀಕೆ ಎದುರಿಸಿದ್ದರು.

ಕಣ್ಣಿಡುವವರು ಯಾರು? ತಾಯಿ ಕಾರ್ಡು, ಲಸಿಕೆ, ಸರ್ವೆ ಎಂದು ಈಗಾಗಲೇ ಮನೆ ಮನೆ ಅಲೆಯುವ ಆಶಾ ಕಾರ್ಯಕರ್ತೆಯ ಹೆಗಲಿಗೇ ಇದೂ ಬೀಳುತ್ತದೆ. ಹೆಣ್ಣೆಂದು ಗೊತ್ತಾದ ಮೇಲೆ ಗರ್ಭಿಣಿ ಸೊಸೆ ಮನೆಯೊಳಗೆ ಕಳೆಯುವ ನಾಲ್ಕು ತಿಂಗಳನ್ನು ಯಾವ ರಿಜಿಸ್ಟರ್ ದಾಖಲಿಸೀತು? ತಾನಾಗಿಯೇ ಗರ್ಭ ಜಾರಿದರೂ ಅವಳೇ ಆರೋಪಿ. ಭ್ರೂಣಲಿಂಗ ಪತ್ತೆ ನಿಷೇಧಿಸಿದ 1994ರ ಕಾಯ್ದೆ ಇದಕ್ಕೆ ತದ್ವಿರುದ್ಧ. ಗಂಡ ಅಥವಾ ಮನೆಯವರ ಒತ್ತಾಯದಿಂದ ಅವಳು ಪರೀಕ್ಷೆ ಮಾಡಿಸಿಕೊಂಡಳೆಂದೇ ಅದು ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಬೇರೆಯವರದು.

ಹಾಗೆಂದು ವೈದ್ಯರ ದೂರು ಪೂರಾ ಸುಳ್ಳೂ ಅಲ್ಲ. ಫಾರ್ಮಿನ ಒಂದು ಕಾಲಂ ಖಾಲಿ ಬಿಟ್ಟರೂ ಕ್ರಿಮಿನಲ್ ಕೇಸು, ಮಿಷನ್‌ಗೆ ಸೀಲು ಎಂಬುದು ಅವರ ಅಳಲು. ಸ್ತ್ರೀರೋಗ ತಜ್ಞರ ಒಕ್ಕೂಟ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. 2019ರ ಮೇನಲ್ಲಿ ಕೋರ್ಟು ಕಾಯ್ದೆಯನ್ನು ಸಡಿಲಿಸಲು ಒಪ್ಪಲಿಲ್ಲ. ಒಪ್ಪದಿದ್ದದ್ದೇ ಸರಿ. ದಾಖಲೆಯೇ ಇಲ್ಲದಿದ್ದರೆ ಹಿಡಿಯಲು ಇನ್ನೇನು ಉಳಿಯುತ್ತದೆ?

ಆದರೆ ಕಾಗದ ಹಿಡಿಯುವುದು ಕಾಗದ ಬರೆಯುವವರನ್ನು ಮಾತ್ರ. ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ಮಂಡ್ಯ. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಜಾಲ ಸ್ಕ್ಯಾನಿಂಗ್ ನಡೆಸುತ್ತಿದ್ದದ್ದು ಆ ಜಿಲ್ಲೆಯ ಒಂದು ಆಲೆಮನೆಯಲ್ಲಿ! ಬೆಲ್ಲ ಕಾಯಿಸುವ ಜಾಗದಲ್ಲಿ ಹೊಟ್ಟೆಯ ಮಗುವಿನ ಲಿಂಗ ನೋಡುತ್ತಿದ್ದರು; ಹೆಣ್ಣಾದರೆ ಮೈಸೂರಿನಲ್ಲಿ ಗರ್ಭಪಾತ. ಮೂರು ವರ್ಷದಲ್ಲಿ ಸುಮಾರು 900 ಗರ್ಭಪಾತ ನಡೆದಿವೆ ಎಂದು ಪೊಲೀಸರು ಹೇಳಿದರು. ಬಂಧಿತರಲ್ಲಿ ವೈದ್ಯರೂ ಇದ್ದರು, ಲ್ಯಾಬ್ ಟೆಕ್ನೀಷಿಯನ್ನರೂ ಇದ್ದರು. ಸರ್ಕಾರ ತನಿಖೆಯನ್ನು ಸಿಐಡಿಗೆ ಒಪ್ಪಿಸಿತು.

ಆಲೆಮನೆಯಲ್ಲಿ ಯಾರೂ ಫಾರ್ಮ್ ‘ಎಫ್’ ತುಂಬಲಿಲ್ಲ. ನಿಷೇಧ ತೆಗೆದರೂ ಅಲ್ಲಿಗೆ ಹೋಗುವವರು ನಿಲ್ಲುತ್ತಾರೆಯೇ? ಅವರಿಗೆ ಬೇಕಾದದ್ದು ದಾಖಲೆಗೆ ಸಿಗದ ಉತ್ತರ. ಪತ್ತೆ ಕಾನೂನುಬದ್ಧವಾದರೆ ಆಗುವುದಿಷ್ಟೇ: ಮೊದಲ ಅರ್ಧ ಕೆಲಸ ವಿಜಯನಗರದ ಹವಾನಿಯಂತ್ರಿತ ಕೋಣೆಯಲ್ಲಿ ರಸೀದಿ ಸಮೇತ ಮುಗಿಯುತ್ತದೆ, ಉಳಿದರ್ಧ ಕದ್ದು ನಡೆಯುತ್ತದೆ.

ಕಾನೂನಿನಲ್ಲಿ ಹತಾರಿಗೆ ಕೊರತೆಯಿಲ್ಲ. ನೋಂದಣಿಯಾಗದ ಜಾಗಕ್ಕೆ ಅಲ್ಟ್ರಾಸೌಂಡ್ ಯಂತ್ರ ಮಾರುವಂತಿಲ್ಲ ಎಂದು 2003ರ ತಿದ್ದುಪಡಿ ಹೇಳಿದೆ. ಕೈಯಲ್ಲಿ ಹಿಡಿದೊಯ್ಯುವ ಯಂತ್ರಗಳಿಗೆ 2012ರ ನಿಯಮ ಕಡಿವಾಣ ಹಾಕಿದೆ. ಹೀಗಿದ್ದೂ ಯಂತ್ರ ಆಲೆಮನೆ ತಲುಪಿತು. ಆರೋಗ್ಯ ಇಲಾಖೆಯ ತಂಡಗಳು ಬಸವೇಶ್ವರನಗರದ ಸೆಂಟರ್‌ಗಳ ಫಾರ್ಮು ಎಣಿಸುವಷ್ಟೇ ಶ್ರದ್ಧೆಯಿಂದ ಯಂತ್ರ ಮಾರುವವರ, ಹಳೆಯದನ್ನು ರಿಪೇರಿ ಮಾಡಿ ದಾಟಿಸುವವರ ಲೆಕ್ಕಪುಸ್ತಕವನ್ನೂ ಬಿಡಿಸಿ ನೋಡಲಿ. ಪ್ರತಿ ಯಂತ್ರದ ಮೇಲೂ ಸೀರಿಯಲ್ ನಂಬರ್ ಇರುತ್ತದೆ.