ತಾಯಿಯ ತವರನ್ನೂ ಕೇಳಿ

ಮಡಕಶಿರ ಸೀಮೆಯ ನಾವು ಸಿರಾ, ಪಾವಗಡ, ಮಧುಗಿರಿ ಕಡೆ ಹೆಣ್ಣು ಕೊಟ್ಟು ತಂದವರು. ರಾಜ್ಯದ ಗಡಿ ನೆಂಟಸ್ತನಕ್ಕೆ ಅಡ್ಡ ಬಂದಿಲ್ಲ. ವಂಶದಲ್ಲಿ ಇಳಿದು ಬರುವ ರೋಗಕ್ಕೂ ಬರುವುದಿಲ್ಲ.

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ನಮಗೆ ಬರುವ ಸಂಭವ ಸುಮಾರು 2 ಪಟ್ಟು. ಹಾಗೆಂದು ಗಂಡಸರ ರೋಗ ಗಂಡಸರ ಕಡೆಯಿಂದಲೇ ಬರುತ್ತದೆಂದು ಎಣಿಸಬಾರದು. 1995ರಲ್ಲಿ ಗುರುತಿಸಿದ ಬಿ.ಆರ್.ಸಿ.ಎ-2 ಎಂಬ ವಂಶವಾಹಿಯಲ್ಲಿ ದೋಷವಿದ್ದರೆ ಹೆಂಗಸರಿಗೆ ಸ್ತನ, ಅಂಡಾಶಯದ ಕ್ಯಾನ್ಸರ್, ಗಂಡಸರಿಗೆ ಬೇಗ ಹರಡುವ ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ದೋಷ ತಾಯಿಯಲ್ಲಿರಲಿ, ತಂದೆಯಲ್ಲಿರಲಿ, ಪ್ರತಿ ಮಗುವಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ. ದಾಟಿದವರಿಗೆಲ್ಲ ರೋಗ ಬಂದೇ ಬರುತ್ತದೆಂದಲ್ಲ.

ಬಿತ್ತನೆ ಕಡಲೆಕಾಯಿ ಕೊಳ್ಳುವಾಗ ಯಾರ ಹೊಲದ್ದು ಅಂತ ಕೇಳ್ತೀವಿ. ಅಜ್ಜಿ, ಚಿಕ್ಕಮ್ಮ ಯಾವ ಕಾಯಿಲೆಯಲ್ಲಿ ಹೋದರು ಅಂತ ಮಾತ್ರ ಕೇಳಲ್ಲ. ಬಾಯಿಬಿಟ್ರೆ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಂತೆ! ಈ ಗುಟ್ಟು ಗಂಡುಮಕ್ಕಳ ಪ್ರಾಣಕ್ಕೂ ಎರವಾದೀತು. ಮನೆತನದಲ್ಲಿ ಇಂಥದ್ದಿದ್ದರೆ 40 ದಾಟುತ್ತಲೇ ವೈದ್ಯರ ಮುಂದೆ ಎರಡೂ ಕಡೆಯ ಸಂಗತಿ ಬಿಚ್ಚಿ ಹೇಳಿ, ಪಿ.ಎಸ್.ಎ. ರಕ್ತಪರೀಕ್ಷೆ ಬೇಕೇ ಎಂದು ಕೇಳೋಣ.